ಬಾವುಟದ ಹುಡುಗಿಗೆ ಮಡಿಲಕ್ಕಿ

ಹಾಲೇಶಪ್ಪ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದನ್ನು ಕೇಳಿದ ಮೇಲೆ ನನ್ನ ಈ ಮಾತನ್ನು ಯಾರೂ ನಂಬುವುದಿಲ್ಲ. ಚಳ್ಳಕೆರೆಯಲ್ಲಿ ಅವನ ಮನೆಯ ಎದುರಿಗೇ ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟ್. ಕಂಪ್ಯೂಟರ್ ಬಂದ ಮೇಲೆ ಟೈಪಿಂಗ್ ಕಲಿಯುವವರು ನಿಂತುಹೋದದ್ದರಿಂದ ಎಂಟು ಮೆಷಿನ್‌ಗಳ ನಡುವೆ ಒಬ್ಬನೇ ಕೂತು ಅವನ ಬಾಗಿಲು ನೋಡುವುದೇ ನನ್ನ ಕಸುಬಾಗಿತ್ತು. ಹಾಗಾಗಿ ನಾನು ಹೇಳುವುದೆಲ್ಲ ಕಣ್ಣಾರೆ ಕಂಡದ್ದು.

ಅವನ ಅಪ್ಪ ಶೇಂಗಾ ಮಂಡಿ ನಡೆಸಿದವರು. ಊರೆಲ್ಲ ತನ್ನನ್ನು 'ಮಂಡಿ ಹಾಲೇಶಿ' ಎಂದು ಕರೆಯುವುದು ಅವನಿಗೆ ಸುತರಾಂ ಹಿಡಿಸುತ್ತಿರಲಿಲ್ಲ. ತೊಂಬತ್ತೆಂಟರಲ್ಲಿ ಬಳ್ಳಾರಿಗೆ ಮದುವೆಗೆಂದು ಹೋದವನು ಅಲ್ಲಿ ಒಂದು ವಿಡಿಯೋ ಗೇಮ್ ಅಂಗಡಿ ಕಂಡ. ಅದರ ಬೋರ್ಡಿನ ಮೇಲೆ ಮಾಲೀಕನ ಹೆಸರಿನ ಹಿಂದೆ 'ಪ್ರೊಪ್ರೈಟರ್' ಎಂದು ಬರೆದಿತ್ತು. ಇವನಿಗೆ ಗೇಮ್ ಹಿಡಿಸಿತೋ ಆ ಪದ ಹಿಡಿಸಿತೋ, ಮೂರು ತಿಂಗಳಲ್ಲಿ ತನ್ನ ಮನೆಯ ಪಡಸಾಲೆಯನ್ನೇ ಗೇಮ್ ಅಂಗಡಿ ಮಾಡಿದ. ಟೀವಿ ಬರುವುದಕ್ಕೆ ಮೊದಲೇ ಬೋರ್ಡು ಬಂತು.

ಉದ್ಘಾಟನೆಯ ರಿಬ್ಬನ್ ಕತ್ತರಿಸಲು ತಂಗಿ ಮಂಗಳಗೌರಿಯ ಗಂಡ ಸಿದ್ದಲಿಂಗೇಶ್‌ನನ್ನು ಮೊಳಕಾಲ್ಮೂರಿನಿಂದ ಕರೆಸಿದ್ದ. ಸಿದ್ದಲಿಂಗೇಶ್ ರೇಷ್ಮೆ ಸೀರೆಯ ವ್ಯಾಪಾರದವನು, ಮರ್ಯಾದೆಯ ವಿಷಯದಲ್ಲಿ ಬಲು ಸೂಕ್ಷ್ಮ. ಬಾಡಿಗೆಯ ಕತ್ತರಿ ತನ್ನ ಕೈಗೆ ಸರಿಹೋಗುವುದಿಲ್ಲವೆಂದು ತನ್ನ ಅಂಗಡಿಯ ಕತ್ತರಿಯನ್ನೇ ತಂದಿದ್ದ. ಅವನು ಕತ್ತರಿ ಬಿಚ್ಚಿ ಹಿಡಿದು ಫೋಟೋಗೆ ನಿಲ್ಲುವ ಹೊತ್ತಿಗೆ ಸರಿಯಾಗಿ ಕರೆಂಟಿನ ಲೈನ್‌ಮನ್ ಬಂದ. ಹಾಲೇಶಪ್ಪನ ತಲೆಯಲ್ಲಿ ಆಗ ಏನು ಓಡಿತೋ. ಭಾವಮೈದುನ ಇಲ್ಲದೆ ಗೇಮ್ ನಡೆಯುತ್ತದೆ, ಕರೆಂಟಿಲ್ಲದೆ ನಡೆಯುವುದಿಲ್ಲ ಎಂದು ಹೊಳೆದಿರಬೇಕು. ಸಿದ್ದಲಿಂಗೇಶ್‌ನ ಕೈಯಿಂದ ಕತ್ತರಿ ಇಸಿದುಕೊಂಡು ಲೈನ್‌ಮನ್ ಕೈಗೆ ಕೊಟ್ಟುಬಿಟ್ಟ.

ಸಿದ್ದಲಿಂಗೇಶ್ ಎಲೆ ಹಾಕಿದ ಪಂಕ್ತಿಯನ್ನು ಬಿಟ್ಟು ಹೊರಟ. ಮಂಗಳಗೌರಿ ತಿರುಗಿ ತಿರುಗಿ ನೋಡುತ್ತ ಅವನ ಹಿಂದೆ ಹೋದಳು. ತವರಿನಿಂದ ಹೊರಟ ಮಗಳ ಸೆರಗಿಗೆ ಮಡಿಲಕ್ಕಿ ಹಾಕದೆ ಕಳಿಸುವ ಮನೆ ನಮ್ಮ ಕಡೆ ಒಂದೂ ಇಲ್ಲ. ತಾಯಿ ತಿಪ್ಪೇರುದ್ರಮ್ಮನವರು ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲದಚ್ಚು, ವೀಳ್ಯದೆಲೆ, ಅಡಿಕೆ, ಕುಪ್ಪಸಕ್ಕೆ ಬಟ್ಟೆಯ ಕಣ ಎಲ್ಲ ತಟ್ಟೆಯಲ್ಲಿ ಜೋಡಿಸಿಕೊಂಡು ಅಡುಗೆಮನೆಯಿಂದ ಬರುವಷ್ಟರಲ್ಲಿ ಬೀದಿಯಲ್ಲಿ ಉಳಿದಿದ್ದದ್ದು ಬಸ್ಸಿನ ಧೂಳು ಮಾತ್ರ.

ಅಂದಿನಿಂದ ಮಂಗಳಗೌರಿ ತವರಿಗೆ ಬಂದಿಲ್ಲ. ಹಬ್ಬ ಬಂದಾಗಲೆಲ್ಲ ಮುದುಕಿ "ಹೋಗಿ ಕರ್ಕೊಂಡು ಬಾರಪ್ಪ" ಎನ್ನುವುದು, ಹಾಲೇಶಪ್ಪ "ಅವ್ರೇ ಮೊದ್ಲು ಬರ್ಲಿ ಅವ್ವ. ನಾನೇ ಹೋಗಿ ಕರೆದ್ರೆ ನನ್ನ ಮರ್ಯಾದೆ ಏನಾಗ್ಬೇಕು?" ಎನ್ನುವುದು. ಮಂಡಿ ಮುಚ್ಚಿ ಬೀದಿಯ ಹುಡುಗರ ಕೈಗೆ ಪ್ಲಾಸ್ಟಿಕ್ ಗುಂಡಿ ಕೊಟ್ಟು ಕೂತವನಿಗೆ ಉಳಿದಿದ್ದ ಮರ್ಯಾದೆ ಎಷ್ಟು ಎಂದು ನನಗೂ ಕುತೂಹಲವಿತ್ತು. ಆದರೆ ಕೇಳಲಿಲ್ಲ.

ಇನ್ನು ಗೇಮಿನ ವಿಷಯ. ಅಂಗಡಿಗೆ ಜನ ಬರುತ್ತಿದ್ದುದು 'ಥಂಡರ್ ಲೇನ್' ಎಂಬ ಕಾರ್ ರೇಸಿಗೆ. ರೇಸ್ ಶುರುವಾಗುವ ಮೊದಲು ಕಾರುಗಳ ಮುಂದೆ ಒಬ್ಬ ಹುಡುಗಿ ಬಾವುಟ ಹಿಡಿದು ಬಂದು ನಿಲ್ಲುತ್ತಾಳೆ. ಮೂರು, ಎರಡು, ಒಂದು ಎಂದು ಅಂಕಿ ಬೀಳುತ್ತದೆ. ಆಕೆ ಬಾವುಟ ಬೀಸುತ್ತಾಳೆ, ಕಾರುಗಳು ಹೋಗುತ್ತವೆ. ಅಷ್ಟೇ ಅವಳ ಕೆಲಸ. ಹುಡುಗರು ಅವಳನ್ನು ನೋಡುತ್ತಲೇ ಇರಲಿಲ್ಲ. ನೋಡುತ್ತಿದ್ದವರು ತಿಪ್ಪೇರುದ್ರಮ್ಮನವರು ಒಬ್ಬರೇ. ಪಡಸಾಲೆಯ ಮೂಲೆಯ ಮಂಚ ಮೊದಲಿನಿಂದಲೂ ಅವರದು. ಮಗ ಅಂಗಡಿ ಮಾಡಿದರೂ ಮಂಚ ಬಿಟ್ಟುಕೊಡಲಿಲ್ಲ.

ಮೊದಲ ಗೇಮಿನಲ್ಲಿ ಆ ಹುಡುಗಿಯನ್ನು ಉಳಿಯಲ್ಲಿ ಕೆತ್ತಿದಂತಿತ್ತು. ಗಲ್ಲಕ್ಕೆ ಮೂಲೆ, ಮೊಣಕೈಗೆ ಮೂಲೆ, ಕೂದಲೆಂದರೆ ಒಂದು ಕರಿಯ ಹಲಗೆ. ಕಣ್ಣು ಮಿಟುಕಿಸುತ್ತಿರಲಿಲ್ಲ.

"ಯಾಕಲೇ ಹಾಲೇಶಿ, ಈ ಹುಡುಗಿ ಮೈಯೆಲ್ಲ ಮೂಳೆ ಮೂಳೆ ಆಗೈತೆ? ಬಿಸಿಲಲ್ಲಿ ನಿಲ್ಲಿಸ್ತಾರೆ, ಹೊಟ್ಟೆಗೆ ಹಾಕ್ತಾರೋ ಇಲ್ವೋ?"

"ಅವ್ವ, ಅದು ನಿಜವಾದ ಹುಡುಗಿ ಅಲ್ಲ. ಕಂಪನಿಯವ್ರು ಬರೆದಿರೋ ಚಿತ್ರ."

"ರಾತ್ರಿ ವಾರ್ತೆ ಓದ್ತಾಳಲ್ಲ, ಅವ್ಳು?"

"ಅವ್ಳು ನಿಜ."

"ಅದೇ ಟೀವಿ, ಅದೇ ಗಾಜು. ಅವ್ಳು ನಿಜ, ಇವ್ಳು ಸುಳ್ಳು. ಅದೆಂಗೆ?"

ಹಾಲೇಶಪ್ಪ ನನ್ನನ್ನು ಕರೆಸಿದ. ಓದಿದವನು, ವಿವರಿಸಲಿ ಎಂದು. ನಾನು ಅರ್ಧ ಗಂಟೆ ವಿವರಿಸಿದೆ. ಎಲ್ಲ ಕೇಳಿ ಆಕೆ, "ಅಂದ್ರೆ ನಿಮ್ಗೂ ಗೊತ್ತಿಲ್ಲ ಬಿಡ್ರಿ ಮೇಷ್ಟ್ರೇ" ಎಂದರು. ಅದು ನಿಜವೇ ಆಗಿತ್ತು.

ಎರಡು ಸಾವಿರದಲ್ಲಿ ಥಂಡರ್ ಲೇನ್ ಎರಡು ಬಂತು. ಹುಡುಗಿ ಪೂರಾ ಬದಲಾಗಿದ್ದಳು. ಕೆನ್ನೆ ದುಂಡಗಾಗಿತ್ತು, ಸೊಂಟದವರೆಗೆ ಜಡೆ ಬಂದಿತ್ತು, ಕಣ್ಣು ಮಿಟುಕಿಸಿ ನಗುತ್ತಿದ್ದಳು. ತಿಪ್ಪೇರುದ್ರಮ್ಮನವರಿಗೆ ಜೀವ ಬಂದಂತಾಯಿತು. ಬೆಳಿಗ್ಗೆ ಅಂಗಡಿ ತೆಗೆದರೆ ಮೊದಲು "ಹುಡುಗೀನ ಕರಿ" ಎನ್ನುವರು. ಆಕೆ ಬಾವುಟ ಬೀಸಿದ ಮೇಲೆಯೇ ಕಾಫಿ ಕುಡಿಯುವರು. "ನಮ್ಮ ಮನೇಗೆ ಬಂದ ಮೇಲೆ ಮೈಕೈ ತುಂಬ್ಕೊಂಡ್ಲು ನೋಡ್ರಿ" ಎಂದು ಹೂವು ಮಾರುವ ಮುದ್ದಕ್ಕನಿಗೆ ಹೇಳುವರು. ಎರಡು ವರ್ಷದಿಂದ ಮಗಳ ಮುಖ ಕಾಣದ ಆ ಮನೆಯಲ್ಲಿ ಮುದುಕಿಗೆ ಮಾತಾಡಿಕೊಳ್ಳಲು ಒಂದು ಹೆಣ್ಣು ಸಿಕ್ಕಿತ್ತು. ನಾವು ನಕ್ಕೆವು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಎಡವಟ್ಟಾದದ್ದು ಎರಡು ಸಾವಿರದ ಎರಡರಲ್ಲಿ, ಥಂಡರ್ ಲೇನ್ ಮೂರು ಬಂದಾಗ. ಕಂಪನಿಯವರಿಗೆ ಹಳೆ ಹುಡುಗಿ ಸಾಕೆನಿಸಿತ್ತು. ಅವಳ ಜಾಗದಲ್ಲಿ ಬೇರೊಬ್ಬಳು ಬಂದಿದ್ದಳು. ಕತ್ತರಿಸಿದ ಕೆಂಪು ಕೂದಲು, ಕಪ್ಪು ಕನ್ನಡಕ, ಬಾಯಲ್ಲಿ ಏನನ್ನೋ ಜಗಿಯುತ್ತ ಬೇಕೋ ಬೇಡವೋ ಎಂಬಂತೆ ಬಾವುಟ ಅಲ್ಲಾಡಿಸುವವಳು. ನಮ್ಮ ಪ್ರೊಪ್ರೈಟರ್ ಮೂರು ಬಂದ ಖುಷಿಗೆ ಬರೀ ಡಬ್ಬಿ ಉಳಿಸಿಕೊಂಡು ಎರಡನೆಯ ಡಿಸ್ಕನ್ನು ಅಕ್ರಮ್ ಎಂಬ ಮೆಕ್ಯಾನಿಕ್‌ಗೆ ಕೊಟ್ಟುಬಿಟ್ಟಿದ್ದ. ಅಕ್ರಮ್ ಮೊಳಕಾಲ್ಮೂರಿನವನು, ಲಾರಿಯ ಸಾಮಾನಿಗೆ ಚಳ್ಳಕೆರೆಗೆ ಬಂದಾಗ ಈ ಗೇಮಿನ ಪೆಟ್ಟಿಗೆಯನ್ನೂ ರಿಪೇರಿ ಮಾಡಿ ಹೋಗುತ್ತಿದ್ದ. ಒಂದನೆಯ ಡಿಸ್ಕಾದರೂ ಇತ್ತೇ ಎಂದರೆ, ಅದು ಗೀರು ಬಿದ್ದು ಮಾಳಿಗೆಯ ಮೇಲೆ ಸಂಡಿಗೆಗೆ ಕಾಗೆ ಬರದಂತೆ ನೇತಾಡುತ್ತಿತ್ತು.

"ಆ ಹುಡುಗಿ ಎಲ್ಲಿ?" ಎಂದರು ತಿಪ್ಪೇರುದ್ರಮ್ಮನವರು.

ಇಲ್ಲಿ ನಮ್ಮವನು ನಿಜ ಹೇಳಬಹುದಿತ್ತು. ಆದರೆ ಅವತ್ತು ಅಂಗಡಿಯ ತುಂಬ ಜನ. ತಾಯಿಯ ಬಾಯಿ ಮುಚ್ಚಿಸಲು ಅವನಿಗೆ ಹೊಳೆದದ್ದು ಒಂದೇ ಸುಳ್ಳು.

"ಬಾಣಂತನಕ್ಕೆ ಹೋಗವ್ಳೆ ಅವ್ವ."

"ಹಂಗಂತೀಯಾ? ಮೈ ತುಂಬ್ಕೊಂಡಾಗ್ಲೇ ಅಂದ್ಕೊಂಡೆ. ತವರು ಯಾವೂರು?"

ಡಿಸ್ಕು ಹೋದ ಊರು ಬಾಯಿಗೆ ಬಂತು. "ಮೊಳಕಾಲ್ಮೂರು."

ಮುದುಕಿ ಮಂಚದ ಮೇಲೆ ಎದ್ದು ಕೂತರು. "ಮಡ್ಲಕ್ಕಿ ಹಾಕಿದ್ಯಾ?"

ಹಾಲೇಶಪ್ಪ ಹೊಸ ಡಿಸ್ಕಿನ ಡಬ್ಬಿ ಒರೆಸತೊಡಗಿದ.

"ನಾಲ್ಕು ವರ್ಸ ನಿನ್ನ ಅಂಗಡೀಲಿ ದುಡಿದ ಹುಡುಗಿ. ಚೊಚ್ಚಲ ಬಸುರಿ. ಬರೀ ಮಡಿಲಲ್ಲಿ ಕಳಿಸಿದ್ಯೇನಲೇ? ಈ ಮನೆಯಿಂದ ಒಬ್ಳು ಬರೀ ಮಡಿಲಲ್ಲಿ ಹೋಗವ್ಳೆ. ಇನ್ನೊಬ್ಳು ಹಂಗೆ ಹೋದ್ರೆ ನನ್ನ ಗಂಟ್ಲಲ್ಲಿ ಅನ್ನ ಇಳಿಯಲ್ಲ."

ಇಳಿಯಲೂ ಇಲ್ಲ. ಅಂದು ಮಧ್ಯಾಹ್ನದ ತಟ್ಟೆ ಹಾಗೆಯೇ ವಾಪಸ್ಸು ಹೋಯಿತು. ಮಾರನೆಯ ದಿನವೂ ಹೋಯಿತು. ಹಾಲೇಶಪ್ಪ ಹೆಂಡತಿ ಲಕ್ಷ್ಮೀದೇವಿಯ ಮೊರೆ ಹೋದ. ಆಕೆ ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತದೆ ಹೇಳಿದಳು: "ನನ್ನ ಕೇಳಿ ಬಸುರು ಮಾಡಿದ್ರಾ? ನೀವೇ ಹೆರಿಗೆ ಮಾಡಿಸ್ರಿ."

ಇಷ್ಟು ಮಾತು ಮನೆಯೊಳಗೇ ಉಳಿದಿದ್ದರೆ ಪುಣ್ಯವಿತ್ತು. ಬಾಗಿಲಲ್ಲಿ ಹೂವು ಅಳೆಯುತ್ತಿದ್ದ ಮುದ್ದಕ್ಕ ಎಲ್ಲ ಕೇಳಿಸಿಕೊಂಡಿದ್ದಳು. ಮುದ್ದಕ್ಕ ಸುಳ್ಳು ಹೇಳುವವಳಲ್ಲ, ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳುವವಳು. ಅದೇ ಅನಾಹುತಕ್ಕೆ ಸಾಕಾಯಿತು. ಹಾಲೇಶಪ್ಪನ ಅಂಗಡಿಯಲ್ಲಿ ನಾಲ್ಕು ವರ್ಷದಿಂದ ಒಬ್ಬ ಹುಡುಗಿ ಕೆಲಸಕ್ಕಿದ್ದಳು, ಬಸುರಿಯಾದಳು, ಅವಳನ್ನು ಸದ್ದಿಲ್ಲದೆ ಮೊಳಕಾಲ್ಮೂರಿಗೆ ಸಾಗಿಸಿ ಕೆಂಪು ಕೂದಲಿನ ಇನ್ನೊಬ್ಬಳನ್ನು ತಂದಿಟ್ಟುಕೊಂಡಿದ್ದಾನೆ ಎಂಬ ಸುದ್ದಿ ಸಂಜೆಯೊಳಗೆ ಎಣ್ಣೆ ಮಿಲ್ಲುಗಳನ್ನು ದಾಟಿ ಸಂತೆಮೈದಾನ ಮುಟ್ಟಿತು. ಮಾರನೆಯ ದಿನ ನನ್ನ ಇನ್‌ಸ್ಟಿಟ್ಯೂಟಿಗೆ ಐದು ಜನ ಟೈಪಿಂಗ್ ಕಲಿಯಲು ಬಂದರು. ಎಲ್ಲರೂ ಕಿಟಕಿಯ ಪಕ್ಕದ ಮೆಷಿನ್ನನ್ನೇ ಕೇಳಿದರು.

ಮೂರನೆಯ ದಿನ ಹೆಡ್ ಕಾನ್‌ಸ್ಟೇಬಲ್ ಬೋರಯ್ಯ ಬಂದರು. ದೂರು ಯಾರೂ ಕೊಟ್ಟಿರಲಿಲ್ಲ. ಊರೆಲ್ಲ ಮಾತಾಡುತ್ತಿರುವಾಗ ಪುಸ್ತಕದಲ್ಲಿ ಒಂದು ಸಾಲಾದರೂ ಇರಲಿ ಎಂದು ಅವರಾಗಿಯೇ ಬಂದಿದ್ದರು. ನನ್ನನ್ನು ಸಾಕ್ಷಿಗೆ ಪಂಚನೆಂದು ಕೂರಿಸಿದರು.

"ಹುಡುಗಿ ಹೆಸ್ರು?"

"ಹೆಸ್ರು ಗೊತ್ತಿಲ್ಲ ಸಾರ್. ಬಾವುಟ ಬೀಸ್ತಾಳೆ."

"ನಾಲ್ಕು ವರ್ಸ ಇಟ್ಕೊಂಡು ಹೆಸ್ರು ಗೊತ್ತಿಲ್ಲ. ತಂದೆ?"

"ತಂದೆ ಇಲ್ಲ ಸಾರ್. ಕಂಪನಿ."

"ಊರು?"

"ಜಪಾನು."

"ಮೊಳಕಾಲ್ಮೂರು ಅಂತಾರಲ್ಲ ಜನ?"

"ಈಗ ಮೊಳಕಾಲ್ಮೂರು. ಹುಟ್ಟಿದ್ದು ಜಪಾನು."

ಬೋರಯ್ಯ ಎರಡನ್ನೂ ಬರೆದುಕೊಂಡರು. "ವಯಸ್ಸು?"

ಇಲ್ಲಿ ಹಾಲೇಶಪ್ಪ ಪ್ರಾಮಾಣಿಕನಾಗಿ ಯೋಚಿಸಿದ. ಅವನ ದೊಡ್ಡ ಕೆಡುಕೇ ಅದು, ಸುಳ್ಳು ಹೇಳಬೇಕಾದಲ್ಲಿ ಪ್ರಾಮಾಣಿಕನಾಗುತ್ತಾನೆ. "ತೊಂಬತ್ತೆಂಟರಾಗೆ ಮೂವತ್ತು ಇರಬೋದು ಸಾರ್. ಎರಡು ಸಾವ್ರದಾಗೆ ಇಪ್ಪತ್ತಾಯ್ತು."

ಬೋರಯ್ಯನವರ ಪೆನ್ನು ನಿಂತಿತು. ನಾನು ಮಧ್ಯೆ ಬಾಯಿ ಹಾಕಿ, ಡಿಸ್ಕಿನ ಡಬ್ಬಿಗಳ ಮೇಲೆ ಅವಳ ಫೋಟೋ ಇದೆ, ತೋರಿಸಿದರೆ ಎಲ್ಲ ತಿಳಿಯಾಗುತ್ತದೆ ಎಂದೆ. ಹಾಲೇಶಪ್ಪ ಮೂರು ಡಬ್ಬಿಗಳನ್ನೂ ತಂದಿಟ್ಟ. ಬೋರಯ್ಯ ಕನ್ನಡಕ ಏರಿಸಿ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು.

"ಇವ್ಳು ಯಾರು?"

"ಅವ್ಳೇ ಸಾರ್."

"ಈ ಜಡೆಯವ್ಳು?"

"ಅವ್ಳೂ ಅವ್ಳೇ."

"ಮೂಗು ಬೇರೆ ಐತೆ, ಕಿವಿ ಬೇರೆ ಐತೆ, ಮೊದಲ್ನೇವ್ಳಿಗೆ ಕಿವೀನೇ ಇಲ್ಲ. ಹಾಲೇಶಪ್ಪ, ಒಬ್ಳು ಅಂತ ನಾನು ಬಂದೆ. ನೀನು ಮೂವರ ಲೆಕ್ಕ ಕೊಡ್ತಾ ಇದ್ದೀಯ."

"ಹಾಕಿ ತೋರಿಸ್ತೀನಿ ಸಾರ್, ನಿಮ್ಗೇ ಗೊತ್ತಾಗ್ತೈತೆ," ಎಂದು ಹಾಲೇಶಪ್ಪ ಟೀವಿಯ ಗುಂಡಿ ಒತ್ತಿದ. ಕರೆಂಟಿರಲಿಲ್ಲ. ರಿಬ್ಬನ್ ಕತ್ತರಿಸಿದ ಲೈನ್‌ಮನ್ ಅಷ್ಟು ಹೊತ್ತಿಗೆ ಬೇರೆ ಊರಿಗೆ ವರ್ಗವಾಗಿ ಹೋಗಿದ್ದ.

ಬೋರಯ್ಯ ಒಳ್ಳೆಯವರು. ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ ಮುದುಕಿಯನ್ನು ನೋಡಿ ಪುಸ್ತಕ ಮುಚ್ಚಿದರು. "ಅವ್ವ, ಊಟ ಮಾಡಿಲ್ವಂತೆ ಯಾಕೆ?" ಎಂದರು.

"ಹೆಣ್ಣುಮಗ್ಳು ಬರೀ ಮಡಿಲಲ್ಲಿ ಹೋಗವ್ಳಪ್ಪ. ನೀನೂ ಅಕ್ಕತಂಗೇರ ಜತೆ ಹುಟ್ಟಿದವ್ನು, ಹೇಳು."

ಬೋರಯ್ಯ ಎದ್ದು ನಿಂತು ಟೋಪಿ ಹಾಕಿಕೊಂಡರು. "ಹಾಲೇಶಪ್ಪ, ನಾಳೆ ಹೋಗಿ ಕೊಟ್ಟು ಬಾ. ಅವ್ಳು ಯಾರಾದ್ರೂ ಆಗ್ಲಿ."

"ಸಾರ್, ಡಿಸ್ಕನ್ನೇ ಇಲ್ಲಿಗೆ ತರ್ತೀನಿ, ಇಲ್ಲೇ ಕೊಡ್ಲಿ..."

"ತುಂಬಿದ ಬಸುರೀನ ಆ ಬಸ್ಸಲ್ಲಿ ಕುಲುಕಿಸ್ಕೊಂಡು ತರ್ತೀಯೇನೋ ಪಾಪಿ?" ಎಂದು ಮಂಚದಿಂದ ಕೂಗು ಬಂತು. ಅವನ ಸುಳ್ಳು ಅವನ ಕಾಲಿಗೇ ಸುತ್ತಿಕೊಂಡಿತ್ತು. ಮಗನ ಮಾತನ್ನು ನಂಬದ ತಿಪ್ಪೇರುದ್ರಮ್ಮನವರು ನನ್ನತ್ತ ತಿರುಗಿ, "ಮೇಷ್ಟ್ರೇ, ನೀವೂ ಹೋಗ್ರಿ. ಕೊಟ್ಟಿದ್ದು ಕಣ್ಣಲ್ಲಿ ನೋಡಿ ಬಂದು ಹೇಳ್ರಿ" ಎಂದರು.

ಬೆಳಿಗ್ಗೆ ಆ ನಿಶ್ಶಕ್ತಿಯಲ್ಲೂ ತಾವೇ ಕೂತು ಗಂಟು ಕಟ್ಟಿದರು. ಅಕ್ಕಿಯ ಒಂದು ಕಲ್ಲೂ ಉಳಿಯದಂತೆ ಆರಿಸಿದ್ದರು. ಕುಪ್ಪಸದ ಕಣ ಪೆಟ್ಟಿಗೆಯ ತಳದಿಂದ ತೆಗೆದದ್ದು, ಹಸಿರು ಬಣ್ಣದ್ದು. ಲಕ್ಷ್ಮೀದೇವಿ ಅದನ್ನು ನೋಡಿ ಒಂದು ಕ್ಷಣ ನಿಂತಳು, ಆಮೇಲೆ ಒಳಗೆ ಹೋದಳು. ನಾಲ್ಕು ವರ್ಷದ ಹಿಂದೆ ತಟ್ಟೆಯಲ್ಲಿಟ್ಟಿದ್ದ ಕಣ ಅದು.

ಬಸ್ಸಿನಲ್ಲಿ ಹಾಲೇಶಪ್ಪ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ತಳಕಿನಲ್ಲಿ ಹತ್ತಿದ ಒಬ್ಬ ಹೆಂಗಸು ಗಂಟನ್ನು ನೋಡಿ ಮುಖ ಅರಳಿಸಿದಳು.

"ತಂಗಿ ಮನೇಗಾ ಅಣ್ಣಾ?"

"ಅಲ್ಲ."

"ಮಗಳಿಗಾ?"

"ಅಲ್ಲ."

"ಮತ್ಯಾರಿಗಣ್ಣಾ?"

"ನಮ್ಮ ಅಂಗಡೀಲಿ ಕೆಲ್ಸಕ್ಕಿದ್ಲು ಒಬ್ಳು. ಬಸುರಿ."

ಆಕೆ ಎದ್ದು ಡ್ರೈವರ್ ಹಿಂದಿನ ಸೀಟಿಗೆ ಹೋಗಿ ಕೂತಳು. ಮೊಳಕಾಲ್ಮೂರು ಬರುವವರೆಗೂ ತಿರುಗಿ ನೋಡಲಿಲ್ಲ.

ಮೊಳಕಾಲ್ಮೂರಿನಲ್ಲಿ ಇಳಿದರೆ ಎರಡೂ ಕಡೆ ಮಗ್ಗದ ಸದ್ದು. ಅಕ್ರಮನ ಮನೆಗೆ ಹೋಗುವ ದಾರಿಯಲ್ಲೇ ಮಂಗಳಗೌರಿಯ ಮನೆ. ಬಾಗಿಲು ತೆರೆದಿತ್ತು, ರಂಗೋಲಿ ಹಾಕಿತ್ತು. ನನಗೆ ಅಷ್ಟು ಹೊತ್ತಿಗೆ ಸಹನೆ ಮುಗಿದಿತ್ತು. "ಹಾಲೇಶಪ್ಪ, ಕೈಯಲ್ಲಿ ಮಡಿಲಕ್ಕಿ ಇದೆ, ಎದುರಿಗೆ ತಂಗಿಯ ಮನೆ ಇದೆ. ದೇವರು ಇನ್ನೆಷ್ಟು ಬಿಡಿಸಿ ಹೇಳಬೇಕು?" ಎಂದೆ.

"ನಾನಾಗಿ ನಾನೇ ಹೋದ್ರೆ ಮರ್ಯಾದೆ ಏನಾಗ್ಬೇಕು ಮೇಷ್ಟ್ರೇ?" ಎಂದು ಅವನು ಕೊಡೆ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದ. ಮೋಡವೂ ಇಲ್ಲದ, ಬಿಸಿಲೂ ಏರದ ಹೊತ್ತಿನಲ್ಲಿ ಬೀದಿಯಲ್ಲಿ ಕೊಡೆ ಹಿಡಿದು ಮಡಿಲಕ್ಕಿ ಗಂಟು ಹೊತ್ತ ಗಂಡಸು ಅವನೊಬ್ಬನೇ. ಜಗಲಿಯ ಮೇಲಿದ್ದವರೆಲ್ಲ ನೋಡಿದರು. ಗುರುತು ಸಿಗಬಾರದೆಂದು ಅವನು ಮಾಡಿದ ಉಪಾಯದಿಂದ ಇಡೀ ಬೀದಿಗೆ ಗುರುತು ಸಿಕ್ಕಿತು.

ಅಕ್ರಮನ ಮನೆಯ ಬಾಗಿಲಲ್ಲಿ ಅವನ ತಾಯಿ ಬಷೀರುನ್ನೀಸಾ ನಿಂತಿದ್ದರು. ನಾನು ಮಾತು ಶುರು ಮಾಡುವ ಮೊದಲೇ ಹಾಲೇಶಪ್ಪ ಕೈ ಮುಗಿದು ಹೇಳಿಬಿಟ್ಟ: "ಅಮ್ಮಾ, ನಮ್ಮ ಹುಡುಗಿ ನಿಮ್ಮನೇಲಿ ಇದ್ದಾಳಂತೆ. ಅಕ್ರಮ್ ಕರ್ಕೊಂಡು ಬಂದಿದ್ದ. ಮಡ್ಲಕ್ಕಿ ಕೊಟ್ಟು ಹೋಗಾಣ ಅಂತ ಬಂದ್ವಿ."

ಬಷೀರುನ್ನೀಸಾ ಎದೆ ಹಿಡಿದುಕೊಂಡರು. "ಯಾ ಅಲ್ಲಾ! ಅಕ್ರಮ್! ಅರೇ ಓ ಅಕ್ರಮ್! ಯಾರ ಮಗಳನ್ನ ತಂದಿದೀಯೋ? ಎಲ್ಲಿ ಇಟ್ಟಿದೀಯೋ?"

ಲಾರಿಯ ಕೆಳಗಿನಿಂದ ಅಕ್ರಮ್ ತೆವಳಿಕೊಂಡು ಹೊರಗೆ ಬಂದ. ಅವನು ಬರುವಷ್ಟರಲ್ಲಿ ಗಲ್ಲಿಯ ಅರ್ಧ ಜನ ಸೇರಿದ್ದರು. ವಿಷಯ ತಿಳಿದು ಅವನು ನೆಲದ ಮೇಲೆ ಕೂತು ನಗತೊಡಗಿದ. ಬಷೀರುನ್ನೀಸಾ ನಗಲಿಲ್ಲ. ತಿಪ್ಪೇರುದ್ರಮ್ಮನವರು ಮೂರು ದಿನದಿಂದ ಊಟ ಬಿಟ್ಟಿದ್ದಾರೆಂದು ನಾನು ಹೇಳಿದಾಗ ಮಗನ ತಲೆಗೆ ಒಂದು ಕೊಟ್ಟು, "ಉಠ್. ಟೀವಿ ಹಾಕು. ಬಡೀ ಅಮ್ಮಾ ಕಳಿಸಿದ್ದು, ಹಂಗೇ ವಾಪಸ್ ಹೋಗಬಾರ್ದು" ಎಂದರು. ಟೀವಿಯ ಮುಂದೆ ಒಗೆದ ಬಿಳಿ ಬಟ್ಟೆ ಹಾಸಿದರು.

ಹುಡುಗಿ ಬಂದಳು. ಅದೇ ಜಡೆ, ಅದೇ ನಗು. ಹಾಲೇಶಪ್ಪ ಗಂಟು ಬಿಚ್ಚಲು ಕೂತ. ಗಂಟು ಬಿಗಿಯಾಗಿತ್ತು. ಮೂರು, ಎರಡು, ಒಂದು, ಬಾವುಟ ಬೀಸಿತು, ಹುಡುಗಿ ಹೋದಳು.

"ಇನ್ನೊಂದ್ಸಲ ಹಾಕಪ್ಪ."

ಎರಡನೆಯ ಸಲ ಗಂಟು ಬಿಚ್ಚಿತ್ತು, ಆದರೆ ಅವನು ಕೊಬ್ಬರಿ ಬಟ್ಟಲು ಮೊದಲೋ ಅರಿಶಿನದ ಕೊಂಬು ಮೊದಲೋ ಎಂದು ನನ್ನನ್ನು ಕೇಳಿದ. ನಾನು ಹೆಂಗಸರನ್ನು ಕೇಳಿದೆ. ಅಷ್ಟರಲ್ಲಿ ಕಾರುಗಳು ಹೋದವು. ಮೂರನೆಯ ಸಲ ಅಂಕಿ ಒಂದಕ್ಕೆ ಬಂದಾಗ ಹಾಲೇಶಪ್ಪ ಕಣ್ಣು ಮುಚ್ಚಿ ಎಲ್ಲವನ್ನೂ ಒಟ್ಟಿಗೆ ಬಟ್ಟೆಯ ಮೇಲೆ ಸುರಿದ. ಅಕ್ಕಿ ಟೀವಿಯ ಗಾಜಿಗೆ ತಾಗಿ ಚಟಪಟ ಸದ್ದಾಯಿತು. ಹುಡುಗಿ ಬಾವುಟ ಬೀಸಿದಳು. ಬಾಗಿಲಲ್ಲಿದ್ದ ಜನ ಕೈ ತಟ್ಟಿದರು.

ಆಗ ಜನರನ್ನು ಸರಿಸಿಕೊಂಡು ಮಂಗಳಗೌರಿ ಬಂದಳು.

ಓಡಿ ಬಂದಿದ್ದಳು. ಕೈಗೆ ಅಂಟಿದ ಹಿಟ್ಟು ತೊಳೆದಿರಲಿಲ್ಲ. ಚಳ್ಳಕೆರೆಯಿಂದ ನಿಮ್ಮಣ್ಣ ಮಡ್ಲಕ್ಕಿ ತಂದವ್ನೆ, ಕೊಡೆ ಅಡ್ಡ ಇಟ್ಕೊಂಡು ಮನೆ ದಾಟಿ ಹೋದ ಎಂದು ಯಾರೋ ಹೇಳಿದ್ದರು.

"ನಮ್ಮನೆ ಗುರುತು ಮರೆತು ಹೋಗೈತೇನೋ ಅಂತ ಕರೆಯಕ್ಕೆ ಬಂದೆ ಅಣ್ಣಾ," ಎಂದಳು. "ಅವ್ವ ಕಳಿಸಿದ್ಲಾ?" ಎನ್ನುತ್ತ ಸೆರಗನ್ನು ಮುಂದೆ ತಂದು ಎರಡೂ ಕೈಯಲ್ಲಿ ಹಿಡಿದು ಒಡ್ಡಿದಳು.

ನಾನು ಮನಸ್ಸಿನಲ್ಲೇ ಎಲ್ಲ ದೇವರನ್ನೂ ನೆನೆದೆ. ಬಗ್ಗಿ ಆ ಬಟ್ಟೆಯನ್ನು ನಾಲ್ಕು ಮೂಲೆ ಹಿಡಿದು ಎತ್ತಿ ಅವಳ ಸೆರಗಿಗೆ ಸುರಿದರೆ ಮುಗಿಯಿತು. ಮಾತೇ ಬೇಕಾಗಿರಲಿಲ್ಲ. ಬಷೀರುನ್ನೀಸಾ ಆಗಲೇ ಬಟ್ಟೆಯ ಒಂದು ಮೂಲೆಗೆ ಕೈ ಹಾಕಿದ್ದರು.

ಹಾಲೇಶಪ್ಪ ತಂಗಿಯನ್ನು ನೋಡಿದ, ಟೀವಿಯನ್ನು ನೋಡಿದ, ಪಂಚನಾದ ನನ್ನನ್ನು ನೋಡಿದ. ಆಮೇಲೆ ತನ್ನ ದರಿದ್ರ ಪ್ರಾಮಾಣಿಕತೆಯನ್ನೆಲ್ಲ ಒಟ್ಟುಮಾಡಿಕೊಂಡು ಹೇಳಿದ:

"ಇದು ನಿನಗಲ್ಲ ಕಣಮ್ಮ. ಅವ್ವ ಆ ಹುಡುಗಿಗೆ ಅಂತ ಕಟ್ಟಿಕೊಟ್ಟಿದ್ದು."

ಮಂಗಳಗೌರಿ ಟೀವಿಯ ಕಡೆ ನೋಡಿದಳು. ಅಷ್ಟರಲ್ಲಿ ಹುಡುಗಿ ಇರಲಿಲ್ಲ, ಖಾಲಿ ರಸ್ತೆ ಓಡುತ್ತಿತ್ತು. ಅವಳು ಸೆರಗನ್ನು ನಿಧಾನವಾಗಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಒಲೆ ಮೇಲೆ ರೊಟ್ಟಿ ಐತೆ," ಎಂದು ಹೇಳಿ ಹೊರಟುಹೋದಳು. ನನಗೆ ಕಣ್ಣಲ್ಲಿ ನೀರು ಬಂತು. ಹಾಲೇಶಪ್ಪನನ್ನು ಹೊಡೆಯಬೇಕೆಂದು ಕೈಯೂ ಬಂತು.

"ಭಾಯ್‌ಸಾಬ್, ನಿಮ್ಗೆ ಅಕಲ್ ಅನ್ನೋದು ಐತಾ?" ಎಂದರು ಬಷೀರುನ್ನೀಸಾ. ಅವರು ಅಕ್ಕಿಯ ಒಂದು ಕಾಳೂ ಬಿಡದೆ ಗುಡಿಸಿ ಕಟ್ಟಿ ತಾವೇ ಮಂಗಳಗೌರಿಯ ಮನೆಗೆ ಹೋದರು. ಹತ್ತು ನಿಮಿಷಕ್ಕೆ ಗಂಟಿನ ಸಮೇತ ತಿರುಗಿ ಬಂದರು. ಟೀವಿಗೆ ಕೊಟ್ಟು ಮಿಕ್ಕಿದ್ದು ನಮ್ಮ ಮನೆಗೆ ಬೇಡ ಎಂದನಂತೆ ಸಿದ್ದಲಿಂಗೇಶ್. ಈ ಬಾರಿ ಅವನನ್ನು ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ. ಕೊಟ್ಟ ಮಡಿಲಕ್ಕಿಯನ್ನು ತಿರುಗಿ ಮನೆಗೆ ಒಯ್ಯುವುದು ಅಪಶಕುನ. "ಇಲ್ಲೇ ಇರ್ಲಿ," ಎಂದರು ಬಷೀರುನ್ನೀಸಾ. "ಆ ಹೆಣ್ಣುಮಗು ಮನಸು ಮಾಡಿದ ದಿನ ಕೊಡ್ತೀನಿ."

ಚಳ್ಳಕೆರೆಗೆ ಬಂದಾಗ ತಿಪ್ಪೇರುದ್ರಮ್ಮನವರು ಬಾಗಿಲಿಗೇ ಬಂದು ಕೂತಿದ್ದರು.

"ಕೊಟ್ಟೆಯಾ?"

"ಕೊಟ್ಟೆ ಅವ್ವ."

ನಾನು ಹೌದೆಂದು ತಲೆಯಾಡಿಸಿದೆ. ಲಕ್ಷ್ಮೀದೇವಿ ತಟ್ಟೆ ತಂದಿಟ್ಟಳು. ಮುದುಕಿ ಮೊದಲ ತುತ್ತು ಕಲಸಿ ಕೈಯಲ್ಲಿ ಹಿಡಿದರು. ಹಿಡಿದುಕೊಂಡೇ, ಬೇರೆ ಕಡೆ ನೋಡುತ್ತ, ಕೇಳಿದರು.

"ಅಲ್ಲಿ ಗೌರಿ ಏನಾದ್ರೂ ಕಂಡಿದ್ಲಾ?"

ಇಲ್ಲ ಎಂದು ಹೇಳೋ ಎಂದು ನಾನು ಅವನ ಕಾಲು ತುಳಿದೆ. "ಮೇಷ್ಟ್ರೇ, ಕಾಲು," ಎಂದು ಸರಿಸಿಕೊಂಡ. "ಬಂದಿದ್ಲು ಅವ್ವ. ಸೆರಗು ಒಡ್ಡಿದ್ಲು."

"ಹಾಕಿದ್ಯಾ?"

"ನೀನು ಆ ಹುಡುಗಿಗೆ ಅಂದಿದ್ದೆ."

ಕೈಯಲ್ಲಿದ್ದ ತುತ್ತು ತಟ್ಟೆಗೆ ಹೋಯಿತು. ಬಹಳ ಹೊತ್ತಿನ ಮೇಲೆ ಮತ್ತೆ ಎತ್ತಿಕೊಂಡು ಉಂಡರು. ಸೊಸೆ ಬಿಸಿನೀರು ಕೊಟ್ಟಳು, ಕುಡಿದರು. ಆದರೆ ಅಂದಿನಿಂದ ಮಂಚವನ್ನು ತಿರುಗಿಸಿ ಹಾಕಿಸಿಕೊಂಡು ಗೋಡೆಯ ಕಡೆ ಮುಖ ಮಾಡಿ ಕೂರತೊಡಗಿದರು. ಮಗನ ಜೊತೆ ಮಾತು ನಿಂತಿತು. ಬೇಕಾದದ್ದನ್ನು ಲಕ್ಷ್ಮೀದೇವಿಗೆ ಹೇಳುವರು. ಬೋರಯ್ಯನವರು ಒಮ್ಮೆ ಹಾದು ಹೋಗುವಾಗ ನನ್ನನ್ನು ಕರೆದು, "ಆ ಹುಡುಗಿ ಸಿಕ್ಕಿದ್ಲಾ?" ಎಂದರು. ಸಿಕ್ಕಿದಳು ಎಂದೆ. ಅವರು ಪುಸ್ತಕದಲ್ಲಿ ಆ ಸಾಲನ್ನು ಹೊಡೆದು ಹಾಕಿದರು.

ಮೂರು ವರ್ಷ ಹಾಗೆಯೇ ಹೋಯಿತು. ಪ್ರೊಪ್ರೈಟರ್ ಬೋರ್ಡಿನ ಬಣ್ಣ ಉದುರಿತು. ಹುಡುಗರು ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಹೋಗತೊಡಗಿದರು. ಈಗ ನಾವಿಬ್ಬರೂ ಎದುರೆದುರು ಖಾಲಿ ಅಂಗಡಿಗಳಲ್ಲಿ ಕೂತು ಒಬ್ಬರ ಬಾಗಿಲು ಒಬ್ಬರು ನೋಡುತ್ತೇವೆ.

ಎರಡು ಸಾವಿರದ ಐದರಲ್ಲಿ ಒಂದು ಬೆಳಿಗ್ಗೆ ಅಕ್ರಮ್ ಬಂದ, ಕೈಯಲ್ಲಿ ಥಂಡರ್ ಲೇನ್ ನಾಲ್ಕು. ಮಾತಿಗೆ ನಾನೂ ಹೋಗಿ ಕೂತೆ.

"ಚಾಚಾ, ಹಳೇ ಹುಡುಗಿ ವಾಪಸ್ ಬಂದವ್ಳೆ!" ಎಂದ. ಕೆಂಪು ಕೂದಲಿನವಳು ಆಡುವವರಿಗೆ ಹಿಡಿಸಲಿಲ್ಲವಂತೆ. ಊರೂರಿನಿಂದ ಕಂಪನಿಗೆ ಕಾಗದ ಹೋದವಂತೆ. ತಪ್ಪಾಯಿತೆಂದು ಕಂಪನಿಯವರು ಜಡೆಯವಳನ್ನೇ ಕರೆಸಿ ನಿಲ್ಲಿಸಿದ್ದಾರೆ ಎಂದು ವಿವರಿಸಿದ. ಡಿಸ್ಕು ಹಾಕುತ್ತ, "ಅಮ್ಮೀ ಆ ಗಂಟು ಇನ್ನೂ ಇಟ್ಟವ್ರೆ ಚಾಚಾ. ಹುಳ ಬೀಳ್ತೈತೆ ಅಂತ ಆರಾರು ತಿಂಗ್ಳಿಗೆ ಅಕ್ಕಿ ಬದಲಾಯಿಸ್ತಾರೆ" ಎಂದ.

ಹಾಲೇಶಪ್ಪ ಆಡುವ ಗುಂಡಿಯನ್ನು ಕೈಗೆ ತೆಗೆದುಕೊಂಡ. ತೆರೆಯ ಮೇಲೆ ಹುಡುಗಿ ಬಂದು ನಿಂತಳು. ಈ ಬಾರಿ ಗಾಳಿಗೆ ಹಾರುವ ಒಂದೊಂದು ಕೂದಲೂ ಕಾಣುತ್ತಿತ್ತು.

ಮಂಚದ ಮೇಲೆ ಸದ್ದಾಯಿತು. ಮೂರು ವರ್ಷದ ಮೇಲೆ ತಿಪ್ಪೇರುದ್ರಮ್ಮನವರು ಈ ಕಡೆ ತಿರುಗಿದ್ದರು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು.

"ಬಂದ್ಲಾ?"

"ಬಂದ್ಲು ಅವ್ವ," ಎಂದ ಹಾಲೇಶಪ್ಪ. ತಾಯಿ ತನ್ನ ಜೊತೆ ಮಾತಾಡಿದ್ದಕ್ಕೆ ಅವನು ಕೂತಲ್ಲಿಂದ ಎದ್ದೇ ನಿಂತ.

"ಯಾರು ಹೋಗಿ ಕರೆದ್ರು?"

"ಕಂಪನಿಯವ್ರೇ."

"ಕಳಿಸಿದವ್ರೇ ಹೋಗಿ ಕರೆದ್ರಾ?"

"ಹೂಂ ಅವ್ವ."



"ಅವ್ರ ಮರ್ಯಾದೆ ಹೋಗ್ಲಿಲ್ವಂತಾ?"

ಮೂರು, ಎರಡು, ಒಂದು ಎಂದು ಅಂಕಿ ಬಿತ್ತು. ಹುಡುಗಿ ನಕ್ಕು ಬಾವುಟ ಬೀಸಿದಳು. ಕಾರುಗಳೆಲ್ಲ ಹೊರಟುಹೋದವು. ಹಾಲೇಶಪ್ಪನ ಕಾರು ಮಾತ್ರ ಗೆರೆಯ ಮೇಲೆಯೇ ನಿಂತಿತ್ತು. ಅಕ್ರಮ್ "ಚಾಚಾ, ಒತ್ತಿ, ಒತ್ತಿ" ಎನ್ನುತ್ತಿದ್ದ. ಅವನು ಒತ್ತಲಿಲ್ಲ.